ಬಿಸಿ ತವುಡಿಗೆ ಸುರಿದ ಪುಡಿ

ಪ್ರೀತಿಯ ಅತ್ತೆಗೆ,

ಇವತ್ತು ಬೆಳಿಗ್ಗೆ ಕೆರೆಗೆ ಬಲೆ ಹಾಕಿಸಿದೆವು. ಒಂದು ಕಾಟ್ಲಾ ಮೀನನ್ನು ಎತ್ತಲು ನಿಮ್ಮ ಮಗನಿಗೆ ಎರಡೂ ಕೈ ಬೇಕಾಯಿತು. ನೀವು ನೋಡಬೇಕಿತ್ತು. ನಿಮಗೆ ಹೇಳಬೇಕಾದ ಮಾತೊಂದು ಇನ್ನೂ ಬಾಕಿ ಇದೆ.

ನೆನಪಿದೆಯಾ, ಕಾಫಿ ಹೂವಿಗೆ ನೀರು ಹಾಯಿಸಲೆಂದು ತೋಡಿಸಿದ ಆ ಕೆರೆಗೆ ಮೊದಲು ಮೀನುಮರಿ ಬಿಟ್ಟ ವರ್ಷ? ಹಂದಿಗೆ ಬೇಯಿಸುವ ಹಾಗೆಯೇ ಮೀನಿಗೂ ನೀವು ತವುಡು, ಕಡಲೆಹಿಂಡಿ ಬೇಯಿಸಿದಿರಿ. ಬೇಯಿಸದ್ದನ್ನು ಯಾವ ಜೀವಕ್ಕೂ ಕೊಡಬಾರದೆಂದು ನಿಮ್ಮ ಹಠ. ನಾನು ಪೊನ್ನಂಪೇಟೆಯ ಮೀನು ಸಾಕಣೆ ತರಬೇತಿಗೆ ಹೋಗಿ ಪ್ರೋಬಯಾಟಿಕ್ ಪುಡಿ ತಂದೆ. ಇದರಲ್ಲಿರುವುದು ಜೀವಂತ ಸೂಕ್ಷ್ಮಾಣು, ಅದರಿಂದ ಮೀನು ತಿಂದದ್ದು ಮೈಗೆ ಹತ್ತುತ್ತದೆ ಎಂದು ನಿಮಗೇ ಪಾಠ ಮಾಡಿದೆ. ಆಮೇಲೆ ಒಲೆಯಿಂದ ಇಳಿಸಿದ, ಹಬೆಯಾಡುವ ತವುಡಿಗೆ ಅದನ್ನು ದಿನಾ ಸುರಿದು ಕಲಸಿದೆ.

ಮಳೆಗಾಲ ಕಳೆದರೂ ಮೀನು ಗೇಣುದ್ದ ದಾಟಲಿಲ್ಲ. ನಿಮ್ಮ ತವುಡೇ ಹಾಳು ಎಂದುಬಿಟ್ಟೆ. ಕುಣಿಯಲಾರದವಳು ನೆಲ ಡೊಂಕು ಎಂದಳಂತೆ, ಅವಳು ನಾನೇ. ನೀವು ಬೈಯಬಹುದಿತ್ತು. "ಆಯ್ತು ಮಗಳೇ, ಇನ್ನು ನೀನೇ ನೋಡಿಕೋ" ಎಂದಿರಿ, ಅಷ್ಟೆ. ಮತ್ತೆ ಕೆರೆ ಏರಿಯ ಕಡೆ ಬರಲೇ ಇಲ್ಲ. ನಾನು ಕರೆಯಬಹುದಿತ್ತು. ಕರೆಯುವಷ್ಟರಲ್ಲಿ...

ನೀವು ಕಣ್ಣು ಮುಚ್ಚಿ ತಿಂಗಳಾದ ಮೇಲೆ, ಒಂದು ಸಂಜೆ ಹಾಲಿಗೆ ಹೆಪ್ಪು ಹಾಕಲು ಹೋದೆ. ಹಾಲು ಇನ್ನೂ ಬಿಸಿಯಿತ್ತು, ಕೈ ತಾನಾಗಿ ನಿಂತಿತು. ಮದುವೆಯಾಗಿ ಬಂದ ಹೊಸತರಲ್ಲಿ ನೀವು ನನ್ನ ಕಿರುಬೆರಳನ್ನು ಹಾಲಿನಲ್ಲಿ ಅದ್ದಿಸಿ ಹೇಳಿದ್ದಿರಿ: "ಸುಡ್ತದಾ? ಹಾಗಾದ್ರೆ ಹೆಪ್ಪು ಸಾಯ್ತದೆ ಮಾರಾಯ್ತಿ, ಆರಲಿ." ಆ ಪುಡಿಯೂ ಹೆಪ್ಪಿನ ಹಾಗೇ ಜೀವ ಇರುವಂಥದ್ದು. ದಿನಾ ಮೊಸರು ಮಾಡುವವಳಿಗೆ ಇದು ಹೊಳೆಯಬಾರದಿತ್ತಾ? ಆ ವರ್ಷವಿಡೀ ನಾನು ಕೆರೆಗೆ ಹಾಕಿದ್ದು ಸತ್ತ ಪುಡಿ. ನಿಮ್ಮ ತವುಡು ಚೆನ್ನಾಗಿಯೇ ಇತ್ತು ಅತ್ತೆ. ತಪ್ಪು ನನ್ನದು.

ಈಗಲೂ ನಿಮ್ಮ ಪಾತ್ರೆಯಲ್ಲೇ ಬೇಯಿಸುತ್ತೇನೆ. ಕಿರುಬೆರಳು ಅದ್ದಿ ನೋಡಿ, ಪೂರಾ ಆರಿದ ಮೇಲೆ ಪುಡಿ ಬೆರೆಸಿ ಉಂಡೆ ಕಟ್ಟುತ್ತೇನೆ. ಆ ಸೂಕ್ಷ್ಮಾಣುಗಳಿಗೂ ತಿನ್ನಲು ಬೇಕಂತೆ, ಅದಕ್ಕೆ ಒಂದಿಷ್ಟು ಬಾಳೆಕಾಯಿ ಹಿಟ್ಟು. ಕಣ್ಣಿಗೆ ಕಾಣದ್ದಕ್ಕೂ ಊಟವಾ ಎಂದು, ನೀವಿದ್ದಿದ್ದರೆ ನಗುತ್ತಿದ್ದಿರಿ.

ಮೀನು ಇಷ್ಟು ದಪ್ಪ ಹೇಗಾಯಿತೆಂದು ಪಕ್ಕದ ತೋಟದವರು ಇವತ್ತು ಕೇಳಿದರು. ನಮ್ಮತ್ತೆ ಕಲಿಸಿದ್ದು ಎಂದೆ. ಹುಳಿಗೆ ಕಾಚಂಪುಳಿ ಹಾಕಿದ ಮೀನು ಸಾರು ಒಲೆಯ ಮೇಲಿದೆ. ಹಿರಿಯರಿಗೆ ಬಡಿಸುವ ಎಲೆಯನ್ನು ಈ ಸಲ ಕೆರೆ ಏರಿಯ ಮೇಲೇ ಇಡುತ್ತೇನೆ, ನಿಮ್ಮ ಮಗ ಏನೇ ಅನ್ನಲಿ. ದೊಡ್ಡ ಮೀನಿನ ತಲೆ ನಿಮಗೆ.

ಬನ್ನಿ ಅತ್ತೆ, ಈಗ ಕರೆಯುತ್ತಿದ್ದೇನೆ.

ನಿಮ್ಮ ಸೊಸೆ