ಹಾಸು ಬೀದಿಗೆ ಬಾರದ ಬಸ್ಸು

ಪೀಳಮೇಡು, ಕೊಯಮತ್ತೂರು
ಬುಧವಾರ, 12 ಜೂನ್ 2024

ಪ್ರೀತಿಯ ಅಪ್ಪಾ,

ಮೊಣಕಾಲು ಈಗ ಹೇಗಿದೆ? ಆಪರೇಷನ್ ಆದ ಕಾಲನ್ನು ಮಡಚಿ ಕೂರಬೇಡಿ ಎಂದು ಡಾಕ್ಟರು ಹೇಳಿದ್ದನ್ನು ಕೇಳುತ್ತಿದ್ದೀರಾ? ಸೇಲಂನಲ್ಲಿ ನಿಮ್ಮನ್ನು ಇಟ್ಟುಕೊಂಡಿರುವ ಸತ್ಯಕ್ಕ ಪಥ್ಯದ ಅಡುಗೆ ಮಾಡಿದರೆ ಮುಖ ಸಿಂಡರಿಸಬೇಡಿ. ನೀವು ನನ್ನ ಫೋನ್ ಎತ್ತುವುದಿಲ್ಲ. ಅದಕ್ಕೇ ನೀವೇ ಮನೆ ಮುಂದಿನ ತಿಣ್ಣೆಯ ಮೇಲೆ ಕೂರಿಸಿ ಕಲಿಸಿದ ಕನ್ನಡ ಅಕ್ಷರದಲ್ಲಿ ಬರೆಯುತ್ತಿದ್ದೇನೆ. ಕಾಗದ ಬಂದರೆ ಓದದೆ ಬಿಡುವವರಲ್ಲ ನೀವು.

ಫೋನ್ ಎತ್ತದ ನೀವು ಅದೇ ಫೋನಿನಲ್ಲಿ ಏನು ಮಾಡುತ್ತಿದ್ದೀರಿ ಎಂಬುದು ನನಗೆ ಗೊತ್ತಾಗಿದೆ. ಯಾರು ಬೇಕಾದರೂ ತಿದ್ದಬಹುದಾದ ನಕ್ಷೆಯೊಂದಿದೆ ಎಂದು ಪೊಂಗಲ್‌ಗೆ ಊರಿಗೆ ಬಂದಾಗ ನಾನೇ ತೋರಿಸಿದೆ, ನಮ್ಮ ಚೌಡೇಶ್ವರಿ ಗುಡಿಯ ಹೆಸರು ಸೇರಿಸಲಿ ಎಂದು. ಆ ನಕ್ಷೆಯ ರಸ್ತೆಗಳನ್ನೇ ನಾವು ಆಫೀಸಿನಲ್ಲಿ ಇಳಿಸಿಕೊಂಡು, ಬಸ್ ಮಾರ್ಗ ಹಾಕುವ ಸಾಫ್ಟ್‌ವೇರಿಗೆ ತುಂಬುತ್ತೇವೆ. ಅದಕ್ಕೆ ಕಣ್ಣಿಲ್ಲ, ನಕ್ಷೆ ಹೇಳಿದ್ದೇ ವೇದ. ಅವಿನಾಶಿಯಿಂದ ತಿರುಪ್ಪೂರಿಗೆ ಹೋಗುವ ಮಿನಿ ಬಸ್ಸು ನಮ್ಮ ಬೀದಿಗೆ ಬರಲಿ ಎಂದು ನಾನು ಮಾರ್ಗ ಹಾಕಿದರೆ, ಮರುದಿನ ಹೊಸ ನಕ್ಷೆ ತುಂಬಿದ ಕೂಡಲೇ ಬಸ್ಸು ಊರನ್ನೇ ಬಿಟ್ಟು ಹೈವೇಯಲ್ಲಿ ಓಡುತ್ತದೆ. ನಮ್ಮ ನಿಲ್ದಾಣವೇ ಮಾಯ! ತಿದ್ದಿದೆ. ಮತ್ತೆ ಮಾಯ. ಹಾಸಿ ಹೊದೆಯುವಷ್ಟು ಕೆಲಸ, ಎಲ್ಲವೂ ನೀರಿನಲ್ಲಿ ಹೋಮ. ಮೇಲಧಿಕಾರಿ ನಟರಾಜನ್ ಎಲ್ಲರೆದುರು ಕೇಳಿದರು, “ಏನಮ್ಮಾ, ನಿಮ್ಮೂರಲ್ಲಿ ರೋಡು ದಿನಾ ಹುಟ್ಟಿ ದಿನಾ ಸಾಯ್ತದಾ?” ಕೊನೆಗೆ ನಕ್ಷೆಯಲ್ಲಿ ‘ವಾಹನ ಹೋಗಬಾರದು’ ಎಂದು ಬರೆದವರು ಯಾರೆಂದು ನೋಡಿದರೆ, ಚೆನ್ನಕೇಶವನ್! ಕಳ್ಳತನಕ್ಕೂ ಸ್ವಂತ ಹೆಸರೇ ಬೇಕಿತ್ತಾ ಅಪ್ಪಾ?

ನಿಮ್ಮ ವಾದ ನನಗೆ ಬಾಯಿಪಾಠ. “ಇದು ರೋಡಾ? ಪಾವು ಹಾಕೋ ಬೀದಿ ಮಾ! ಬಸ್ ನುಗ್ಗಿದ್ರೆ ನೂಲು ಏನಾಗ್ಬೇಕು?” ಬೀದಿಯುದ್ದ ಮಗ್ಗದ ಹಾಸು, ನಿಮ್ಮ ಬಾಯಲ್ಲಿ ಪಾವು, ಬಿಗಿದು ನೂಲಿಗೆ ಗಂಜಿ ಹಚ್ಚುವಾಗ ಸೈಕಲ್ಲನ್ನೂ ಇಳಿದು ತಳ್ಳಿಕೊಂಡು ಹೋಗಬೇಕಿತ್ತು, ನಾನೂ ಹಾಗೇ ಬೆಳೆದವಳು. ಆದರೆ ಹಾಸು ಹಾಕುವುದು ಬೆಳಿಗ್ಗೆ ಮಾತ್ರ. ಬೆಳಿಗ್ಗೆ ಬಸ್ಸು ಗುಡಿಯ ಹತ್ತಿರವೇ ನಿಲ್ಲಲಿ, ಸಂಜೆ ಒಳಗೆ ಬರಲಿ ಎಂದು ಬರೆಯಲು ನಕ್ಷೆಯಲ್ಲೇ ಅವಕಾಶವಿದೆ. ಮುಂದಿನ ವಾರ ಶುಕ್ರವಾರ ಮಾರ್ಗ ಖಾಯಂ ಆಗುತ್ತದೆ. ಆಮೇಲೆ ನಾನು ತಲೆಕೆಳಗಾಗಿ ನಿಂತರೂ ಬಸ್ಸು ತಿರುಗುವುದಿಲ್ಲ. ದಯವಿಟ್ಟು ನೀವು ಬರೆದದ್ದನ್ನು ನೀವೇ ತೆಗೆಯಿರಿ. ನಾನು ತೆಗೆದರೆ ನೀವು ಮತ್ತೆ ಬರೆಯುತ್ತೀರಿ. ನಿಮ್ಮ ಹಟ ನನಗೆ ಗೊತ್ತಿಲ್ಲವೇ, ನನಗೆ ಬಂದದ್ದೂ ಅದೇ ತಾನೆ.

ಅಕ್ಕನಿಗೂ ಭಾವನಿಗೂ ನಮಸ್ಕಾರ ಹೇಳಿ. ಆ ನೋವಿನ ಕಾಲನ್ನೇ ಮುಟ್ಟಿ ನಮಸ್ಕರಿಸುವ, ಆದರೂ ಕೋಪ ಇಳಿಯದ,

ನಿಮ್ಮ ಮಗಳು
ಶೋಭನಾ

ಮರೆತೆ: ಅಮ್ಮ ಹೇಳಬೇಡ ಎಂದಿದ್ದಳು. “ಕಾಲು ಸರಿಯಾಗೋ ಮುಂಚೆ ಓಡಿ ಬಂದ್ಬಿಡ್ತಾರೆ ಮಾ” ಅಂದಳು. ನೀವು ಹೋದ ಮೇಲೆ ನಮ್ಮ ಬೀದಿಯಲ್ಲಿ ಯಾರೂ ಹಾಸು ಹಾಕಿಲ್ಲ. ಲಿಂಗಸಾಮಿ ಮಾವನೂ ಮಗ್ಗ ಬಿಚ್ಚಿ ಅಟ್ಟಕ್ಕೆ ಹಾಕಿದರು. ಅಮ್ಮ ಈಗ ತಿರುಪ್ಪೂರಿನ ಬನಿಯನ್ ಕಂಪನಿಯಲ್ಲಿ ಬಟ್ಟೆಯ ಹೆಚ್ಚುವರಿ ನೂಲು ಕತ್ತರಿಸುತ್ತಾಳೆ. ಬಸ್ಸಿಗಾಗಿ ದಿನಾ ಹೈವೇವರೆಗೆ ನಡೆಯುತ್ತಾಳೆ. ಭಾನುವಾರ ಊರಿಗೆ ಹೋದಾಗ ನೋಡಿದೆ, ನೀವು ಬಿಟ್ಟುಹೋದ ಎಣ್ಣೆಯನ್ನು ಮೊಣಕಾಲಿಗೆ ಹಚ್ಚಿಕೊಳ್ಳುತ್ತಿದ್ದಳು.