ಆಗದ ಹರಕೆಯ ಕಾಯಿ

ಅರಳಗುಪ್ಪೆ ಬಳಿಯ ತೋಟದ ಮನೆ,
12 ನವೆಂಬರ್ 2024

ಪ್ರೀತಿಯ ನಜೀರ,

ನಿನ್ನ ಎರಡು ಕಾಗದಗಳೂ ಬಂದು ತಿಂಗಳುಗಳಾದವು. ಎರಡನ್ನೂ ರೇಡಿಯೋಗೆ ಒರಗಿಸಿ ನಿಲ್ಲಿಸಿದ್ದೇನೆ. ಊಟಕ್ಕೆ ಕೂತಾಗಲೆಲ್ಲ ಬಾಗಿಲಲ್ಲಿ ನಿಂತ ನೆಂಟರ ಹಾಗೆ ನನ್ನನ್ನೇ ನೋಡುತ್ತವೆ. ತಡಮಾಡಿದ್ದಕ್ಕೆ ಎಷ್ಟು ಬೇಕಾದರೂ ಬೈದುಕೋ. ಫೋನ್ ಮಾಡಬಹುದಿತ್ತಲ್ಲ ಎನ್ನುತ್ತೀಯ. ನೀನು ಫೋನ್ ಎತ್ತಿದ ಕೂಡಲೇ ಸ್ಪೀಕರ್ ಹಾಕುತ್ತೀಯ ಮಾರಾಯ. ನಾನಿಲ್ಲಿ ಒಂದು ಸಲ ಕೆಮ್ಮಿದರೆ ಭದ್ರಾವತಿಯಲ್ಲಿ ನಿನ್ನ ಮಗಳು ಫಿರ್ದೌಸ್, ನಿನ್ನ ಅಳಿಯ, ಪಕ್ಕದ ಮನೆಯವರು ಎಲ್ಲರೂ ಸೇರಿ ಕಷಾಯ ಹೇಳಿಕೊಡುತ್ತಾರೆ. ಇವತ್ತು ಬರೆಯುವುದು ಸ್ಪೀಕರಿನಲ್ಲಿ ಹೇಳುವಂಥದ್ದಲ್ಲ.

ನಿನ್ನ ಮನೆಯಾಕೆ ಶಾಹಿದಾ ತಂಗಿಯ ಮಂಡಿನೋವು ಹೇಗಿದೆ? ನಿನ್ನ ಕಣ್ಣಿನ ಪೊರೆ ತೆಗೆಸಿದೆಯೋ, ಇಲ್ಲ ಇನ್ನೂ ಹೆದರಿಕೊಂಡೇ ಕೂತಿದ್ದೀಯೋ? ತಿಪಟೂರಿನಲ್ಲಿ ನಿನ್ನ ಹೊಲಿಗೆ ಅಂಗಡಿಯಿದ್ದ ಜಾಗಕ್ಕೆ ಮೊಬೈಲ್ ರಿಪೇರಿಯವನು ಬಂದಿದ್ದಾನೆ. ಮೊನ್ನೆ ಹಳೇ ಅಭ್ಯಾಸದಲ್ಲಿ ಸೀದಾ ಒಳಗೆ ಹೋಗಿ ನಿಂತುಬಿಟ್ಟೆ. “ಏನ್ ಪ್ರಾಬ್ಲಮ್ಮು ಅಂಕಲ್?” ಎಂದು ಕೇಳಿದ. ಏನಂತ ಹೇಳಲಿ? “ಚಾರ್ಜ್ ನಿಲ್ತಿಲ್ಲಪ್ಪ” ಎಂದು ಹೇಳಿ ಬಂದೆ.

ನನ್ನದು ಹೀಗೇ ನಡೆದಿದೆ. ಮಗಳು ಜೀವಿತಾ ಶೆಟ್ಟಿಕೆರೆಯಿಂದ ಭಾನುವಾರ ಬಂದು, ಸಾರು ಮಾಡಿಟ್ಟು, ಬೈದು ಹೋಗುತ್ತಾಳೆ. ಸಾರು ಬುಧವಾರಕ್ಕೆ ಮುಗಿಯುತ್ತದೆ, ಬೈಗುಳ ವಾರ ಪೂರ್ತಿ ಬರುತ್ತದೆ. ದಿನಚರಿ ಬರೆಯುವುದನ್ನು ಬಿಟ್ಟಿಲ್ಲ. ಆದರೆ ನನ್ನವಳು ದಾನೇಶ್ವರಿ ತೀರಿಹೋದ ಮೇಲೆ ಬರೆಯಲು ಹೆಚ್ಚೇನೂ ಸಿಗುವುದಿಲ್ಲ. “ಮೋಡ. ಕಾಯಿ ಸುಲಿಸಿದೆ. ಮುದ್ದೆ ಗಂಟಾಯಿತು.” ಅಷ್ಟೇ.

ನಿನ್ನ ಕಾಗದದ ಕೊನೆಯಲ್ಲಿ ಕೇಳಿದ್ದೀಯ, ಈಗಲಾದರೂ ಮೇಲಿನವನನ್ನು ನೆನೆಯುತ್ತೀಯೋ ಇಲ್ಲವೋ ಎಂದು. ಅದಕ್ಕೆ ಉತ್ತರ ಹೇಳಲಿಕ್ಕೇ ಕೂತಿದ್ದೇನೆ.

ನಾನು ದೇವರನ್ನು ಬಿಟ್ಟದ್ದು ಹೇಗೆಂದು ನಿನಗೆ ಗೊತ್ತು, ನೀನೇ ಅದಕ್ಕೆ ಕಾರಣ. ಎಸ್ಸೆಸ್ಸೆಲ್ಸಿ ಗಣಿತ ಪರೀಕ್ಷೆಗೆ ನಾನು ನಮ್ಮೂರ ದಾರಿ ಬಸವಣ್ಣನಿಗೆ ಸುತ್ತು ಹಾಕಿ ಬಂದೆ, ನೀನು ದುವಾ ಮಾಡಿ ಬಂದೆ. ನೀನು ಪಾಸಾದೆ, ನಾನು ಫೇಲಾದೆ. ಇನ್ನು ಆ ಗುಡಿಯ ಮೆಟ್ಟಿಲು ಹತ್ತುವುದಿಲ್ಲ ಎಂದುಬಿಟ್ಟೆ. ನಿಜ ಹೇಳುವುದಾದರೆ ಸಿಟ್ಟು ಮುಂದಿನ ಮಳೆಗಾಲಕ್ಕೇ ಇಳಿದಿತ್ತು. ಆದರೆ ಅಷ್ಟರಲ್ಲಿ ಊರಿನವರು “ಮರುಳಪ್ಪ ದೇವ್ರೇ ಇಲ್ಲ ಅಂತಾನೆ” ಎಂದು ಹೇಳಿಕೊಂಡು ತಿರುಗುತ್ತಿದ್ದರು. ಗಣಿತದಲ್ಲಿ ಫೇಲಾದವನಿಗೆ ಅಷ್ಟು ಮರ್ಯಾದೆ ಬೇರೆಲ್ಲಿಂದ ಸಿಗಬೇಕು? ಅದನ್ನು ಉಳಿಸಿಕೊಂಡೆ. ಕಾರಣಗಳನ್ನು ಆಮೇಲೆ ಹುಡುಕಿಕೊಂಡೆ. ಅವು ಪೇಪರಿನಲ್ಲಿ ದಿನಾ ಬರುತ್ತವೆ.

ದಾನೇಶ್ವರಿಯದು ಬೇರೆ ದಾರಿ. ಸೋಮವಾರ ಬಂತೆಂದರೆ ಗುಡಿಗೆ ಹೋಗಲೇಬೇಕು. ನಾನು ಮೊಪೆಡ್ಡಿನಲ್ಲಿ ಕರೆದುಕೊಂಡು ಹೋಗಿ ಹೊರಗೆ ಹುಣಸೆಮರದ ಕೆಳಗೆ ಕೂರುತ್ತಿದ್ದೆ. ಒಂದು ಸಲ ಬೇಸತ್ತು, “ಆ ಕಲ್ಲಿನ ಹತ್ರ ಅಷ್ಟೊತ್ತು ಏನ್ ಮಾತಾಡ್ತೀಯೇ?” ಎಂದು ಕೇಳಿದೆ.

“ಮನೇಲಿ ನಿಮ್ ಹತ್ರ ಆಡ್ತೀನಲ್ಲ, ಅದೇ ಮಾತು ಕಣ್ರೀ,” ಎಂದಳು. “ನೀವೂ ಉತ್ತರ ಕೊಡಲ್ಲ, ಅವ್ನೂ ಕೊಡಲ್ಲ. ಅವ್ನು ಪೇಪರ್ ಅಡ್ಡ ಹಿಡ್ಕಳಲ್ಲ, ಅಷ್ಟೇಯ.”

ಆ ಗುಡಿಯಲ್ಲಿ ಒಂದು ಪದ್ಧತಿಯಿದೆ. ಮನಸ್ಸಿನಲ್ಲಿರುವುದನ್ನು ಪೂಜಾರಿ ಪರಮಶಿವಯ್ಯನವರ ಕಿವಿಯಲ್ಲಿ ಹೇಳಿ, ಜುಟ್ಟಿರುವ ಒಂದು ತೆಂಗಿನಕಾಯಿಯನ್ನು ಮುಂದಿನ ಚಾವಡಿಯ ತೊಲೆಗೆ ಕಟ್ಟಬೇಕು. ಕೇಳಿಕೊಂಡದ್ದು ಆದ ಮೇಲೆ ಮನೆಯವರು ಬಂದು ಬಿಚ್ಚಿ, ದೇವರ ಮುಂದೆ ಒಡೆಯಬೇಕು. ಅಲ್ಲಿಯತನಕ ಪೂಜಾರಿ ಬಾಯಿ ಬಿಡುವಂತಿಲ್ಲ. ಹೋದ ಕಾರ್ತಿಕದಲ್ಲಿ, ತುಮಕೂರಿನ ಡಾಕ್ಟರು ಇನ್ನು ಮನೆಗೆ ಕರೆದುಕೊಂಡು ಹೋಗಿ ಎಂದ ವಾರವೇ, ದಾನೇಶ್ವರಿ ನಮ್ಮ ಬಚ್ಚಲ ಹಿಂದಿನ ಮರದ ಕಾಯಿಯೊಂದನ್ನು ಮಡಿಲಲ್ಲಿಟ್ಟುಕೊಂಡು ಹೋಗಿ ಕಟ್ಟಿ ಬಂದಳು. ನಾನು ಹುಣಸೆಮರದ ಕೆಳಗಿದ್ದೆ. ಶಿವರಾತ್ರಿಗೆ ಮೊದಲೇ ಹೋದಳು. ನೀನು ಮಣ್ಣಿಗೆ ಬಂದಿದ್ದೆ, ಮತ್ತೆ ಬರೆಯುವುದಿಲ್ಲ.

ಕಾಯಿ ಮಾತ್ರ ಅಲ್ಲೇ ಉಳಿಯಿತು. ಆ ಮರದ ಕಾಯಿ ಕೊಂಚ ಉದ್ದ, ಕೆಂಚು ಬಣ್ಣ. ನನ್ನ ಕಣ್ಣಿಗೆ ಸಾವಿರ ಕಾಯಿಯಲ್ಲೂ ತಪ್ಪುವುದಿಲ್ಲ. ಗುಡಿ ರಸ್ತೆಗೇ ಇದೆ, ಬಸ್ಸಿನಲ್ಲಿ ಹೋದರೂ ಕಾಣುತ್ತದೆ. ಬದುಕಿಸು ಎಂದು ಕೇಳಿಕೊಂಡವಳು ಮಣ್ಣಿನಲ್ಲಿದ್ದಾಳೆ. ಕಾಯಿ ಇನ್ನೂ ಉತ್ತರಕ್ಕೆ ಕಾಯುತ್ತ ನೇತಾಡುತ್ತಿದೆ. ನನಗೆ ಅದನ್ನು ನೋಡಲಾಗಲಿಲ್ಲ, ನಜೀರ. ಹೇಗಾದರೂ ಕೆಳಗಿಳಿಸಿ ಮನೆಗೆ ತರಬೇಕು ಎನ್ನುವುದೊಂದೇ ಹತ್ತಿಕೊಂಡಿತು.

ದೀಪಾವಳಿ ಕಳೆದ ಮೇಲೆ ಹೋಗಿ, ಮೆಟ್ಟಿಲ ಕೆಳಗೇ ನಿಂತು ಕೂಗಿದೆ. “ಅಯ್ನೋರೆ, ನಮ್ಮನೆ ಕಾಯಿ ಬಿಚ್ಚಿಕೊಡಿ.”

ಪರಮಶಿವಯ್ಯನವರು ಚಾವಡಿಯ ತುದಿಗೆ ಬಂದರು. “ಆಗಿದ್ದಕ್ಕೆ ಬಿಚ್ಚೋದು ಐತೆ. ಆಗದೆ ಇದ್ದಿದ್ದಕ್ಕೆ ಬಿಚ್ಚೋ ಪದ್ಧತಿ ಇಲ್ಲ ಕಣಪ್ಪ.”

“ಆಗದೋರು ಏನ್ ಮಾಡ್ತಾರೆ ಮತ್ತೆ?”

“ಕಾಯ್ತಾರೆ.”

“ಸತ್ತೋರು ಎಷ್ಟು ದಿವ್ಸ ಕಾಯ್ಬೇಕು ಅಯ್ನೋರೆ?”

ಅವರು ಹೆಗಲ ಮೇಲಿನ ವಸ್ತ್ರ ಸರಿಮಾಡಿಕೊಂಡು ಒಳಕ್ಕೆ ತಿರುಗಿದರು. ಭಾವನೆಯ ಮಾತು ನಡೆಯದೆಂದು ನಾನು ಕಸುಬಿನ ಮಾತಿಗೆ ಇಳಿದೆ. “ವರ್ಷ ತುಂಬ್ತಾ ಬಂತು. ನೀರೆಲ್ಲ ಇಂಗಿ ಒಳಗೆ ಕೊಬ್ರಿ ಆಗಿರ್ತದೆ. ಇನ್ನೂ ಬಿಟ್ರೆ ಹುಳ ಬೀಳ್ತದೆ.”

“ದೇವರ ಕಾಯಿಗೆ ಹುಳ ಬೀಳಲ್ಲ.”

“ದೇವರಿಗೆ ಕೊಬ್ರಿ ವಿಷ್ಯ ಗೊತ್ತಿಲ್ದೆ ಇರಬೋದು. ನಂಗೊತ್ತು.”

ಮೆಟ್ಟಿಲ ಪಕ್ಕದಲ್ಲಿ ಹೂ ಮಾರುವ ಗಂಗಕ್ಕನಿಗೆ ತಡೆಯಲಾಗಲಿಲ್ಲ. “ಒಳಕ್ಕಾದ್ರೂ ಹೋಗಿ ಜಗಳ ಆಡಪ್ಪ! ರಸ್ತೇಲಿ ನಿಂತ್ಕಂಡು ಕಿರುಚಿದ್ರೆ ಹೂವು ಯಾರ್ ತಗತಾರೆ?”

“ಸುಮ್ನಿರು ಗಂಗಕ್ಕ, ನೀ ಕರೀಬ್ಯಾಡ,” ಎಂದು ಪರಮಶಿವಯ್ಯನವರು ಗಾಬರಿಯಿಂದ ಗದರಿದರು. ನನಗೆ ಅವಮಾನವೇ ಆಯಿತು. ನಾನಾಗಿ ಹೋಗುವುದಿಲ್ಲ, ಅದು ಬೇರೆ. ಕರೆಯಲೂಬೇಡ ಎಂದರೆ?

ಹಾಗಾಗಿ ಒಂದು ಉಪಾಯ ಮಾಡಿದೆ. ನಗಬೇಡ. ತೋಟದಲ್ಲಿ ಕಾಯಿ ಕೀಳುವ ಗಳವಿದೆಯಲ್ಲ, ತುದಿಗೆ ಕುಡುಗೋಲು ಕಟ್ಟಿದ ಉದ್ದನೆಯ ಬಿದಿರು, ಅದನ್ನು ಹೊತ್ತುಕೊಂಡು ನಿನ್ನೆ ಮಧ್ಯಾಹ್ನ ಪೂಜಾರಿ ಊಟಕ್ಕೆ ಹೋದ ಹೊತ್ತು ನೋಡಿ ಹೋದೆ. ಕಾಂಪೌಂಡಿನ ಹೊರಗೆ ನಿಂತು ಗಳವನ್ನು ಚಾವಡಿಯೊಳಕ್ಕೆ ಚಾಚಿದೆ. ಮೆಟ್ಟಿಲು ಹತ್ತಿದ ಹಾಗೂ ಆಗಲಿಲ್ಲ, ಕಾಯಿಯೂ ಕೈಗೆ ಬಂತು ಎನ್ನುವುದು ನನ್ನ ಲೆಕ್ಕ. ಗಣಿತದಲ್ಲಿ ಫೇಲಾದವನು ಯಾವತ್ತಿಗೂ ಫೇಲೇ. ಮರದಲ್ಲಾದರೆ ಕಾಯಿ ಗೊನೆಗೆ ಅಂಟಿಕೊಂಡು ಕೂತಿರುತ್ತದೆ. ಇಲ್ಲಿ ಹಗ್ಗದಲ್ಲಿ ಓಲಾಡುತ್ತದೆ. ನನ್ನ ಕೈ ಬೇರೆ ಈಚೆಗೆ ನಡುಗುತ್ತದೆ. ಕುಡುಗೋಲು ಪಕ್ಕದ ಹಗ್ಗಕ್ಕೆ ಸಿಕ್ಕಿಕೊಂಡಿತು, ಎಳೆದೆ, ಯಾರದೋ ಕಾಯಿ ಹುಂಡಿಯ ಮೇಲೆ ಢಣ್ ಎಂದು ಬಿತ್ತು.

“ಅಯ್ಯಯ್ಯೋ, ಬನ್ರಪ್ಪೋ! ಬಸವಣ್ಣನ ಗುಡೀಲಿ ಕಾಯಿ ಕೀಳ್ತಾವ್ನೆ!” ಎಂದು ಗಂಗಕ್ಕ ಬಾಯಿ ಮಾಡಿದಳು.

ಬಿದ್ದದ್ದು ಬಸವಕುಮಾರನ ಕಾಯಿ. ಬಸ್ ಸ್ಟಾಪಿನಲ್ಲಿ ಗೊಬ್ಬರದ ಅಂಗಡಿ ಇಟ್ಟಿದ್ದಾನೆ, ವಯಸ್ಸು ಮೂವತ್ತೈದು ದಾಟಿದೆ, ಹೆಣ್ಣು ಸಿಕ್ಕಿಲ್ಲ. ಅವನು ಏನು ಕೇಳಿಕೊಂಡು ಕಾಯಿ ಕಟ್ಟಿದ್ದನೆಂದು ಪೂಜಾರಿ ಯಾರಿಗೂ ಹೇಳಬೇಕಾಗಿರಲಿಲ್ಲ, ಊರಿಗೇ ಗೊತ್ತಿತ್ತು. ಅಂಗಡಿ ಬಿಟ್ಟು ಓಡಿಬಂದ.

“ದೊಡ್ಡಪ್ಪ, ನಿಂಗೆ ದೇವ್ರು ಬ್ಯಾಡ, ಸರಿ. ನಂಗೆ ಹೆಂಡ್ತೀನೂ ಬ್ಯಾಡ್ವಾ? ನೊಣವಿನಕೆರೆ ಹುಡುಗಿ ಮೊನ್ನೆ ತಾನೆ ಫೋಟೋ ನೋಡಿ ಯೋಚ್ನೆ ಮಾಡ್ತೀನಿ ಅಂದವ್ಳೆ!”

“ಅಳಬ್ಯಾಡ ಬುಡ್ಲಾ,” ಎಂದಳು ಗಂಗಕ್ಕ. “ಕಾಯಿ ತಾನಾಗೇ ಬಿತ್ತು ಅಂದ್ರೆ ಹೆಣ್ಣು ಒಪ್ದಂಗೇಯ.”

“ತಾನಾಗೇ ಎಲ್ಲಿ ಬಿತ್ತು? ಕುಡುಗೋಲಲ್ಲಿ ಕಿತ್ತವ್ನಲ್ಲ!”

ಪರಮಶಿವಯ್ಯನವರು ಎಂಜಲು ಕೈಯಲ್ಲೇ ಬಂದರು. ಕಾಯಿ ನೋಡಿದರು, ಗಳ ನೋಡಿದರು, ನನ್ನನ್ನು ನೋಡಿದರು. “ಕಾಯಿ ಒಡೆದಿಲ್ಲ, ಹರಕೆ ಹೋಗಿಲ್ಲ. ಆದ್ರೆ ಕೆಡವಿದೋನೇ ಕಟ್ಬೇಕು. ಬ್ಯಾರೆಯೋರು ಕಟ್ಟಿದ್ರೆ ನಿಲ್ಲಲ್ಲ,” ಎಂದರು.

ನಾನು ಬಸವಕುಮಾರನ ಮುಖ ನೋಡಿದೆ. ಶೇವ್ ಮಾಡಿಕೊಂಡು, ಪೌಡರ್ ಹಾಕಿಕೊಂಡಿದ್ದ. ಯೋಚನೆ ಮಾಡುತ್ತಿರುವ ಹುಡುಗಿ ಯಾವ ಗಳಿಗೆಯಲ್ಲಿ ವೀಡಿಯೋ ಕಾಲ್ ಮಾಡುತ್ತಾಳೋ ಎಂದು ದಿನಾ ಹೀಗೇ ಕೂರುತ್ತಾನಂತೆ. ನಾನು ಚಪ್ಪಲಿ ಬಿಟ್ಟೆ. ಮೆಟ್ಟಿಲು ಹತ್ತಿದೆ. ಒಳಗೆ ಎಣ್ಣೆ ಮತ್ತು ವಿಭೂತಿಯ ವಾಸನೆ. ಸೋಮವಾರಗಳಲ್ಲಿ ದಾನೇಶ್ವರಿಯ ಸೀರೆಗೆ ಅಂಟಿಕೊಂಡು ಮೊಪೆಡ್ಡಿನವರೆಗೆ ಬರುತ್ತಿದ್ದ ವಾಸನೆ ಅದು. ಬಸವಕುಮಾರ ಸ್ಟೂಲು ಹಿಡಿದುಕೊಂಡ, ನಾನು ಹತ್ತಿ ಅವನ ಕಾಯಿಯನ್ನು ಗಟ್ಟಿಯಾಗಿ ಕಟ್ಟಿದೆ.

ಇಳಿಯಬೇಕು ಎನ್ನುವಾಗ ಪರಮಶಿವಯ್ಯನವರು ಹೇಳಿದರು, “ಪಕ್ಕದ್ದು ಬಿಚ್ಕಳಪ್ಪ.”

“ಆಗದ್ದು ಬಿಚ್ಚಂಗಿಲ್ಲ ಅಂದ್ರಲ್ಲ?”

“ಆಯ್ತು. ಈಗ ಆಯ್ತು. ಆಯಮ್ಮ ಏನ್ ಕೇಳ್ಕಂಡಿದ್ಲು ಗೊತ್ತಾ? ‘ನಮ್ಮನೆಯೋರು ಒಂದೇ ಒಂದ್ಸಲ ಒಳಕ್ಕೆ ಬರ್ಲಿ ಅಯ್ನೋರೆ. ಅವರಾಗೇ ಬರ್ಲಿ, ನೀವು ಕರೀಬ್ಯಾಡಿ. ನೀವು ಕರೆದ್ರೆ ಅದು ಹರಕೆ ಅಲ್ಲ, ಶಿಫಾರಸ್ಸು’ ಅಂದ್ಲು.”

“ಬದುಕಿಸು ಅಂತ ಅಲ್ವಾ?”

“ಅದನ್ನ ಕೇಳ್ಲೇ ಇಲ್ಲ ಕಣಪ್ಪ.”

ನಾನು ಸ್ಟೂಲಿನ ಮೇಲೆ ಹಾಗೇ ನಿಂತಿದ್ದೆನಂತೆ. ಕೆಳಗಿನಿಂದ ಬಸವಕುಮಾರ, “ದೊಡ್ಡಪ್ಪ, ತಲೆ ಸುತ್ತಿದ್ರೆ ನನ್ ಕಾಯಿ ಹಿಡ್ಕಬ್ಯಾಡ, ಕಂಬ ಹಿಡ್ಕ!” ಎಂದು ಕೂಗಿದಾಗಲೇ ಎಚ್ಚರವಾದದ್ದು.

ಬಿಚ್ಚಿದ ಕಾಯಿಯನ್ನು ಕಿವಿಯ ಹತ್ತಿರ ಅಲುಗಾಡಿಸಿದೆ. ದೇವರ ಮುಂದೆ ಹಾಗೆ ಮಾಡಬಾರದೇನೋ, ಆದರೆ ಕಾಯಿ ಕೈಗೆ ಬಂದರೆ ನಮ್ಮ ಕಡೆಯವರು ಬೇರೇನು ಮಾಡುತ್ತಾರೆ? ಒಳಗೆ ಗಡಗಡ ಎಂದಿತು. ಪರಮಶಿವಯ್ಯನವರು ಕೈ ತೊಳೆದು ಬಂದು, ಮಂತ್ರ ಹೇಳಿ ಕಲ್ಲಿಗೆ ಒಡೆದರು. ನೀರಿಲ್ಲ, ಹೋಳಿಲ್ಲ. ಚಿಪ್ಪು ಎರಡಾಗಿ, ಕೊಬ್ಬರಿಯ ಇಡೀ ಉಂಡೆ ಉರುಳಿಕೊಂಡು ಹೋಗಿ ಬಸವಣ್ಣನ ಕಾಲಿಗೆ ತಗುಲಿ ನಿಂತಿತು. ಅರ್ಧ ದೇವರಿಗೆ, ಅರ್ಧ ಮನೆಗೆ ಎನ್ನುವುದು ಪದ್ಧತಿ. ಉಂಡೆಯನ್ನು ಹೇಗೆ ಭಾಗ ಮಾಡುವುದೆಂದು ಅವರು ಚಾಕು ಹುಡುಕಿದರು, ಸಿಗಲಿಲ್ಲ. ಗಂಗಕ್ಕ ನನ್ನ ಕುಡುಗೋಲನ್ನೇ ತೋರಿಸಿದಳು. ಯಾರಿಗೂ ಅದು ಸರಿ ಕಾಣಲಿಲ್ಲ. ಕೊನೆಗೆ ಪೂರ್ತಿ ನನಗೇ ಕೊಟ್ಟರು.

ಹಾಗಾದರೆ ಈಗ ನಂಬುತ್ತೀಯಾ ಎಂದು ಕೇಳುತ್ತೀಯ. ಇಲ್ಲ ಕಣಯ್ಯಾ. ನನ್ನನ್ನು ಒಳಗೆ ಕರೆಸಿದ್ದು ಬಸವಣ್ಣನಲ್ಲ, ನನ್ನ ಕೈನಡುಕ. ಹಾಗೆಂದು ಪರಮಶಿವಯ್ಯನವರಿಗೂ ಹೇಳಿದೆ. “ಆಯ್ತು ಬುಡಪ್ಪ. ಮುಂದಿನ ಸೋಮ್ವಾರ ಕೈನಡುಕನೂ ಕರ್ಕಂಡು ಬಾ,” ಎಂದರು. ಹೋಗುತ್ತೇನೋ ಇಲ್ಲವೋ ಗೊತ್ತಿಲ್ಲ. ಹೋದರೆ ಆ ವಾಸನೆಗೆ ಹೋಗುತ್ತೇನೆ. ಅದಕ್ಕೆ ನಂಬಿಕೆ ಬೇಕಾಗಿಲ್ಲ, ಮೂಗಿದ್ದರೆ ಸಾಕು. ನೀನು ಇದನ್ನೇ ನಂಬಿಕೆ ಎಂದು ವಾದ ಮಾಡುತ್ತೀಯ, ಬಲ್ಲೆ. ನೀನು ಇಲ್ಲಿಗೆ ಬಂದಾಗ ಮಾಡು.

ಕಣ್ಣಿನ ಆಪರೇಷನ್ನಿಗೆ ಹೆದರಬೇಡ. ಫಿರ್ದೌಸಳ ಮಗನಿಗೆ ನನ್ನ ಆಶೀರ್ವಾದ ಹೇಳು. ಯಾರ ಹೆಸರಿನಲ್ಲಿ ಎಂದು ಕೇಳಬೇಡ, ಮಗು ಚೆನ್ನಾಗಿರಲಿ. ನಿಮ್ಮ ಮನೆಯಲ್ಲಿ ಎಲ್ಲರೂ ನೂರು ಕಾಲ ನಗುತ್ತಿರಿ.

ನಿನ್ನ
ಮರುಳಪ್ಪ

ಮತ್ತೊಂದು ಮಾತು. ಕೊಬ್ಬರಿ ಉಂಡೆ ಅಡುಗೆಮನೆಯಲ್ಲಿದೆ. ಒಳ್ಳೇ ಮಾಲು, ಒಂದು ಕಲೆಯಿಲ್ಲ. ತಿನ್ನಲಾಗುತ್ತಿಲ್ಲ. ಡಾಕ್ಟರು ಕೈಬಿಟ್ಟ ಮೇಲೆ ಅವಳ ಬಳಿ ಇದ್ದದ್ದು ಒಂದು ಕಾಯಿ, ಕೇಳಲು ಇದ್ದದ್ದು ಒಂದು ಮಾತು. ಇನ್ನೊಂದು ವರ್ಷ ನನ್ನ ಜೊತೆ ಇರಬೇಕೆಂದು ಅವಳಿಗೆ ಅನ್ನಿಸಲೇ ಇಲ್ಲವೇ, ನಜೀರ? ಆಸೆಯೇ ಇರಲಿಲ್ಲವೋ, ಕೇಳಿದರೂ ಸಿಗುವುದಿಲ್ಲವೆಂದು ಬಿಟ್ಟಳೋ? ಇದನ್ನು ಬಸವಣ್ಣನನ್ನು ಕೇಳೋಣವೆಂದರೆ ನನಗೂ ಅವನಿಗೂ ಅಷ್ಟು ಸಲಿಗೆಯಿಲ್ಲ. ಶಾಹಿದಾ ತಂಗಿ ರವಿಕೆ ಹೊಲಿಯುವಾಗ ಇವಳು ಪಕ್ಕದಲ್ಲಿ ಕೂತು ಗಂಟೆಗಟ್ಟಲೆ ಮಾತಾಡುತ್ತಿದ್ದಳು. ಕೊನೆಯಲ್ಲಿ ಫೋನಿನಲ್ಲೂ ಮಾತಾಡುತ್ತಿದ್ದಳು. ಇಷ್ಟನ್ನು ಮಾತ್ರ ತಂಗಿಗೆ ಓದಿ ಹೇಳು. ನನ್ನ ವಿಷಯ ಏನಾದರೂ ಅಂದಿದ್ದಳೇ ಎಂದು ಕೇಳಿ ಬರೆ. ಏನೂ ಅಂದಿಲ್ಲವಾದರೆ, ನೀನೇ ಏನಾದರೊಂದು ಬರೆದು ಕಳಿಸು. ನಾನು ನಂಬುತ್ತೇನೆ.