ಅಪ್ಪನ ಲಾರಿ ಸಿಕ್ಕಿತು

ಪ್ರೀತಿಯ ಅಕ್ಕನಿಗೆ,

ನಾನು ಕ್ಷೇಮ. ಈ ಪತ್ರವನ್ನು ಅಪ್ಪನ ಎದುರು ಓದಬೇಡ.

ಅಮ್ಮನ ಚಿಕಿತ್ಸೆಗೆಂದು ಅಪ್ಪ ಮಾರಿದ್ದ ಉದ್ದ ಮೂತಿಯ ಲಾರಿಯನ್ನು ಹದಿನಾಲ್ಕು ವರ್ಷ ಹುಡುಕಿದೆನಲ್ಲ, ಅದು ಮೊನ್ನೆ ಸಿಕ್ಕಿತು. ಗುಜರಿಗೆ ಸಾಗಿಸಲೆಂದು ಕ್ರೇನಿನವರು ಹಳೆಯ ಲಾರಿಯೊಂದನ್ನು ನನ್ನ ಟ್ರೇಲರ್ ಮೇಲೆ ಇಳಿಸಿದರು. ಹಳೆಯ ಲಾರಿ ಕಂಡರೆ ಮುಟ್ಟಿ ನೋಡದೆ ಬಿಡುವವನಲ್ಲ ನಾನು. ಸರಪಳಿ ಬಿಗಿಯುವ ಮೊದಲು ಒಳಗೆ ಇಣುಕಿದೆ. ಬಾಗಿಲ ಹಲಗೆಯ ಮೇಲೆ ಅಪ್ಪ ಮೊಳೆಯಿಂದ ಗೀಚಿದ್ದ ನಮ್ಮಿಬ್ಬರ ಎತ್ತರದ ಗೆರೆಗಳಿದ್ದವು. ನಿನ್ನದು ಮೇಲೆ, ನನ್ನದು ಗೇಣು ಕೆಳಗೆ.

ದಾರಿಯುದ್ದಕ್ಕೂ ಕನ್ನಡಿಯಲ್ಲಿ ಅದನ್ನೇ ನೋಡುತ್ತ ಓಡಿಸಿದೆ. ಎಷ್ಟಾದರೂ ಕೊಡುತ್ತೇನೆ, ಲಾರಿ ನನಗೇ ಕೊಡಿ ಎಂದು ಗುಜರಿಯ ಮಾಲೀಕನ ಕೈಕಾಲು ಹಿಡಿದೆ.

"ದುಡ್ಡಿನ ಮಾತಲ್ಲಪ್ಪ. ಈ ಗಾಡಿ ನಂಬರ್ ರದ್ದಾಗಿದೆ. ಪುಡಿ ಮಾಡಿದ್ದಕ್ಕೆ ನಾನು ಸರ್ಕಾರಕ್ಕೆ ಫೋಟೋ ಕಳಿಸ್ಬೇಕು."

"ಆ ಬಾಗಿಲೊಂದನ್ನಾದ್ರೂ ಬಿಚ್ಚಿ ಕೊಡಿ."

"ಫೋಟೋದಲ್ಲಿ ಇಡೀ ಗಾಡಿ ಇರ್ಬೇಕು. ನನ್ನ ಕೈಯಲ್ಲೇನೂ ಇಲ್ಲ."

ಸರಪಳಿ ಬಿಚ್ಚಿದ್ದು ನಾನೇ. ರಸೀದಿಗೆ ಸಹಿ ಹಾಕಿ ತಿರುಗುವಷ್ಟರಲ್ಲಿ ಪುಡಿ ಮಾಡುವ ಯಂತ್ರದ ಕೆಲಸ ಮುಗಿದಿತ್ತು.

ಕಾಲು ಸ್ವಾಧೀನ ತಪ್ಪಿದ ಮೇಲೆ ಅಪ್ಪನಿಗೆ ಉಳಿದಿರುವುದು ಭಾನುವಾರದ ನನ್ನ ಫೋನು, ಮತ್ತು "ಸಿಕ್ತೇನೋ?" ಎಂಬ ಒಂದೇ ಪ್ರಶ್ನೆ. ಈ ವಾರ ನಾನು ಫೋನ್ ಮಾಡುವುದಿಲ್ಲ. ನನ್ನ ದನಿ ಕೇಳಿದರೆ ಅವರಿಗೆ ಗೊತ್ತಾಗಿಬಿಡುತ್ತದೆ. ದೂರದ ಬಾಡಿಗೆ ಬಂದಿದೆ, ಅಲ್ಲಿಯೂ ವಿಚಾರಿಸಿ ಬರುತ್ತಾನಂತೆ ಎಂದು ನೀನೇ ಹೇಳು. ಮುಂದಿನ ವಾರಕ್ಕೆ ಏನು ಹೇಳುವುದೆಂದು ನನಗೂ ತೋಚುತ್ತಿಲ್ಲ.

ಅವರ ಮಾತ್ರೆ ಮುಗಿಯುವ ಮೊದಲು ತಿಳಿಸು, ಕಳಿಸುತ್ತೇನೆ.

ಇಂತಿ,
ನಿನ್ನ ತಮ್ಮ